ಬೋರರ್ ಪತ್ತೆಗೆ ಊರಿನದೇ ತಂಡ: ಸ್ವಯಂಸೇವಕರಿಗೆ ಬಿಳಿ ಕಾಂಡಕೊರಕ ಗುರುತಿಸಲು ಕಲಿಸುವ ಸಮಗ್ರ ಮಾರ್ಗದರ್ಶಿ

ಅರೇಬಿಕಾ ಕಾಫಿ ಬೆಳೆಯುವ ಊರುಗಳಲ್ಲಿ ಹೀಗಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹತ್ತು ಹದಿನೈದು ಮಂದಿ ಉತ್ಸಾಹದಿಂದ ಸೇರುತ್ತಾರೆ. ಸಮುದಾಯ ಭವನದಲ್ಲಿ ಕುಳಿತು ಬೋರರ್, ಅಂದರೆ ಕಾಫಿ ಗಿಡದ ಕಾಂಡವನ್ನು ಒಳಗಿನಿಂದ ಕೊರೆಯುವ ಬಿಳಿ ಕಾಂಡಕೊರಕ ಹುಳುವಿನ ಬಗ್ಗೆ ಒಂದು ಉಪನ್ಯಾಸ ಕೇಳುತ್ತಾರೆ. ಮರುದಿನ ತೋಟಕ್ಕಿಳಿದು ಎಲೆ ಹಳದಿಯಾದ ಗಿಡಗಳನ್ನು ಹುಡುಕಿ ಕಿತ್ತು, ದಾರಿಯ ಬದಿಯಲ್ಲಿ ರಾಶಿ ಹಾಕಿ ಮನೆಗೆ ಹೋಗುತ್ತಾರೆ. ಮುಂದಿನ ವರ್ಷ ಅದೇ ಬ್ಲಾಕಿನಲ್ಲಿ ಇನ್ನಷ್ಟು ಗಿಡ ಒಣಗಿ ನಿಂತಿರುತ್ತವೆ. ಆಮೇಲೆ ಯಾರನ್ನು ಕರೆದರೂ ಬರುವುದಿಲ್ಲ.

ಆ ತಂಡದಲ್ಲಿ ಶ್ರದ್ಧೆಗೆ ಕೊರತೆ ಇರಲಿಲ್ಲ. ಕೆಲಸದ ಕ್ರಮ ತಪ್ಪಿತ್ತು. ಹುಳು ಹಾರಿದ ಮೇಲೆ ಹುಡುಕಲು ಹೊರಟರು, ಚಿತ್ರ ನೋಡಿ ಕಲಿತರು, ಕಾಂಡವನ್ನು ಮುಟ್ಟದೆ ಎಲೆ ನೋಡಿದರು, ಕಿತ್ತ ಗಿಡದೊಳಗೆ ಹುಳು ಜೀವಂತವಾಗಿ ಉಳಿಯಲು ಬಿಟ್ಟರು. ಈ ನಾಲ್ಕರಲ್ಲಿ ಒಂದು ಆದರೂ ಉಳಿದ ದುಡಿಮೆಯೆಲ್ಲ ನೀರುಪಾಲು. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ನಡುವೆ ಒಂದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ.

ಇದು ಅರೇಬಿಕಾ ತೋಟಗಳಿಗೆ ಬರೆದದ್ದು. ಕಾಫಿಯ ಇನ್ನೊಂದು ಬಗೆಯಾದ ರೊಬಸ್ಟಾದಲ್ಲಿ ಬಿಳಿ ಕಾಂಡಕೊರಕದ ಕಾಟ ತೀರಾ ಕಡಿಮೆ. ಎರಡೂ ಬೆರೆತ ತೋಟವಾದರೆ ತಂಡದ ಸಮಯವನ್ನು ಅರೇಬಿಕಾ ಇರುವ ಕಡೆಗೇ ಕೊಡಿ.

## ಹಂತ 1: ದಿನ ಗೊತ್ತು ಮಾಡಿ

ಮೊದಲು ಕ್ಯಾಲೆಂಡರ್ ತೆಗೆಯಿರಿ. ಬಿಳಿ ಕಾಂಡಕೊರಕದ ದುಂಬಿಗಳು ವರ್ಷಕ್ಕೆ ಎರಡು ಬಾರಿ ಹೊರಬಂದು ಹಾರುತ್ತವೆ: ಮುಂಗಾರಿಗೆ ಮುಂಚೆ ಏಪ್ರಿಲ್–ಮೇ ತಿಂಗಳಲ್ಲಿ, ಮಳೆಗಾಲ ಮುಗಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹುಳು ಗಿಡದ ಒಳಗೆ ಇರುವಾಗಲೇ ಗಿಡವನ್ನು ಹುಡುಕಿ ತೆಗೆಯಬೇಕು. ಆದ್ದರಿಂದ ಪತ್ತೆ ಕೆಲಸಕ್ಕೆ ಇರುವುದು ಎರಡೇ ತಿಂಗಳು, ಮಾರ್ಚ್ ಮತ್ತು ಸೆಪ್ಟೆಂಬರ್. ತರಬೇತಿ ಅದಕ್ಕೂ ಮೊದಲೇ ಮುಗಿದಿರಬೇಕು, ಅಂದರೆ ಫೆಬ್ರವರಿಯ ಕೊನೆಯ ವಾರ ಮತ್ತು ಆಗಸ್ಟ್‌ನ ಕೊನೆಯ ವಾರ.

ಯಾಕೆ ಹೀಗೆ ಎಂಬುದನ್ನು ಸ್ವಯಂಸೇವಕರಿಗೆ ಬಿಡಿಸಿ ಹೇಳಿ. ಕಾರಣ ಗೊತ್ತಿದ್ದವರು ದಿನ ತಪ್ಪಿಸುವುದಿಲ್ಲ. ಹೆಣ್ಣು ದುಂಬಿ ಮುಖ್ಯ ಕಾಂಡದ ಮತ್ತು ದಪ್ಪ ಕೊಂಬೆಗಳ ತೊಗಟೆಯ ಬಿರುಕಿನಲ್ಲಿ, ಸಡಿಲವಾದ ತೊಗಟೆಯ ಅಡಿಯಲ್ಲಿ ಮೊಟ್ಟೆ ಇಡುತ್ತದೆ. ಎಂಟು ಹತ್ತು ದಿನದಲ್ಲಿ ಮರಿ ಹೊರಬರುತ್ತದೆ. ಸುಮಾರು ಎರಡು ತಿಂಗಳು ಅದು ತೊಗಟೆಯ ಕೆಳಗೆ ಮೇಯುತ್ತದೆ, ಆಮೇಲೆ ಗಟ್ಟಿ ಮರದೊಳಗೆ ಇಳಿಯುತ್ತದೆ. ಒಟ್ಟು ಎಂಟು ಹತ್ತು ತಿಂಗಳು ಮರಿಹುಳುವಾಗಿಯೇ ಇದ್ದು, ಕಾಂಡದೊಳಗೇ 25–30 ದಿನ ಕೋಶಾವಸ್ಥೆಯಲ್ಲಿ ಕಳೆದು, ದುಂಬಿಯಾಗಿ ತೂತು ಕೊರೆದು ಹೊರಬರುತ್ತದೆ. ಗಿಡವನ್ನು ತಿನ್ನುವುದು ಮರಿಹುಳು, ಪಕ್ಕದ ಗಿಡಕ್ಕೆ ಹೋಗುವುದು ದುಂಬಿ. ನಾವು ತಡೆಯಬೇಕಾದದ್ದು ಈ ಎರಡನೆಯದನ್ನು.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ, ‘ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ’ ಎಂದು ಸೆಪ್ಟೆಂಬರ್‌ನ ಸುತ್ತನ್ನು ಜನವರಿಗೆ ತಳ್ಳುವುದು. ಅಷ್ಟರಲ್ಲಿ ದುಂಬಿ ಹಾರಿ, ಮೊಟ್ಟೆ ಇಟ್ಟು, ಸತ್ತೂ ಹೋಗಿರುತ್ತದೆ. ಸೆಪ್ಟೆಂಬರ್‌ನಲ್ಲಿ ಮಳೆ ಇರುತ್ತದೆ, ಇಂಬಳ (ಜಿಗಣೆ) ಇರುತ್ತದೆ, ಕೂಲಿಗೆ ಜನ ಸಿಗುವುದು ಕಷ್ಟ, ಎಲ್ಲವೂ ನಿಜ. ಆದರೂ ಆ ತಿಂಗಳಿಗೆ ಬದಲಿ ತಿಂಗಳಿಲ್ಲ.

## ಹಂತ 2: ಜನರನ್ನು ಆರಿಸಿ, ನೆರೆಯವರನ್ನು ಒಪ್ಪಿಸಿ

ಎಂಟರಿಂದ ಹನ್ನೆರಡು ಮಂದಿ ಸಾಕು. ಇಬ್ಬಿಬ್ಬರ ಜೋಡಿ ಮಾಡಿ, ಒಂಟಿಯಾಗಿ ಯಾರನ್ನೂ ಕಳುಹಿಸಬೇಡಿ. ಯಾರನ್ನು ಆರಿಸಬೇಕು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಹಣ್ಣು ಕೊಯ್ಯುವ, ಚಿಗುರು ತೆಗೆಯುವ ಹೆಂಗಸರನ್ನು ಮೊದಲು ಕೇಳಿ. ವರ್ಷಕ್ಕೆ ಹಲವು ಬಾರಿ ಪ್ರತಿ ಗಿಡದ ಬುಡಕ್ಕೆ ಬಾಗುವವರು ಅವರು. ಯಾವ ಗಿಡ ಹೋದ ವರ್ಷ ಹೇಗಿತ್ತು ಎಂಬುದು ಅವರ ನೆನಪಿನಲ್ಲಿರುತ್ತದೆ. ಅವರ ಜೊತೆಗೆ ಬರೆಯಲು, ನಕ್ಷೆ ಮಾಡಲು, ಮೊಬೈಲ್‌ನಲ್ಲಿ ಚಿತ್ರ ತೆಗೆಯಲು ಬರುವ ಯುವಕರನ್ನು ಸೇರಿಸಿ. ಜೋಡಿಯಲ್ಲಿ ಒಬ್ಬರ ಕೈ, ಒಬ್ಬರ ಪುಸ್ತಕ.

ಎರಡನೆಯ ಕೆಲಸ ಒಪ್ಪಿಗೆ. ದುಂಬಿಗೆ ಬೇಲಿ ಗೊತ್ತಿಲ್ಲ. ನಿಮ್ಮ ಎರಡು ಎಕರೆಯನ್ನು ಶುದ್ಧ ಮಾಡಿ, ಪಕ್ಕದ ಪಾಳುಬಿದ್ದ ತೋಟವನ್ನು ಬಿಟ್ಟರೆ ಪ್ರಯೋಜನವಿಲ್ಲ. ಊರಿನ ಒಂದು ಕೈ ನಕ್ಷೆ ಬರೆದು, ಪ್ರತಿ ತೋಟದವರ ಮನೆಗೆ ಖುದ್ದಾಗಿ ಹೋಗಿ ಮಾತನಾಡಿ. ಎರಡು ಮಾತನ್ನು ಸ್ಪಷ್ಟವಾಗಿ ಹೇಳಿ: ಒಂದು, ತಂಡದವರು ಗುರುತು ಮಾತ್ರ ಹಾಕುತ್ತಾರೆ, ಮಾಲೀಕರನ್ನು ಕೇಳದೆ ಒಂದು ಗಿಡವನ್ನೂ ಕೀಳುವುದಿಲ್ಲ; ಎರಡು, ಯಾರ ತೋಟದಲ್ಲಿ ಎಷ್ಟು ಸಿಕ್ಕಿತು ಎಂಬ ಲೆಕ್ಕ ಅಂಗಡಿ ಕಟ್ಟೆಯ ಮಾತಾಗುವುದಿಲ್ಲ. ಈ ಎರಡನೆಯ ಮಾತು ಕೊಡದ ಕಾರಣಕ್ಕೆ ನಮ್ಮ ಮೊದಲ ಪ್ರಯತ್ನದಲ್ಲಿ ಮೂರು ಮನೆಯವರು ಬಾಗಿಲು ಹಾಕಿಕೊಂಡರು. ತಪ್ಪು ನಮ್ಮದೇ ಆಗಿತ್ತು. ಮಾಲೀಕರು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದರೆ ಫೋನಿನಲ್ಲಿ ಒಪ್ಪಿಗೆ ಪಡೆದು, ತೋಟ ನೋಡಿಕೊಳ್ಳುವ ರೈಟರಿಗೂ ಅದನ್ನು ಅವರ ಬಾಯಿಂದಲೇ ಹೇಳಿಸಿ.

ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ಆನೆ ಓಡಾಡುವ ತೋಟಗಳಿದ್ದರೆ ಬೆಳಕು ಚೆನ್ನಾಗಿ ಹರಿಯುವ ಮೊದಲು ಯಾರೂ ಒಳಗೆ ಹೋಗಬಾರದು. ಹಿಂದಿನ ರಾತ್ರಿ ಆನೆ ಯಾವ ಕಡೆ ಇತ್ತು ಎಂದು ವಿಚಾರಿಸಿಯೇ ಹೊರಡಿ. ಅನುಮಾನ ಬಂದರೆ ಆ ದಿನದ ಬ್ಲಾಕನ್ನು ಬದಲಾಯಿಸಿ.

## ಹಂತ 3: ಸಲಕರಣೆ ಜೋಡಿಸಿ

ಪ್ರತಿ ಜೋಡಿಗೆ ಬೇಕಾದದ್ದು ಇಷ್ಟು: ಗೋಣಿಚೀಲದ ತುಂಡು ಅಥವಾ ತೆಂಗಿನ ನಾರಿನ ಕೈಗವಸು, ಹುಳು ಇರುವ ಗಿಡಕ್ಕೆ ಗುರುತಾಗಿ ಕಟ್ಟಲು ಕೆಂಪು ಬಟ್ಟೆಯ ಪಟ್ಟಿಗಳು, ಸಣ್ಣ ಚಾಕು, ರಟ್ಟಿನ ಹೊದಿಕೆಯ ನೋಟ್‌ಪುಸ್ತಕ, ಎರಡು ಪೆನ್ಸಿಲ್, ಮುಚ್ಚಳವಿರುವ ಗಾಜಿನ ಸಣ್ಣ ಬಾಟಲಿ. ಪೆನ್ ಬೇಡ, ಸೆಪ್ಟೆಂಬರ್‌ನ ಒದ್ದೆ ಕಾಗದದ ಮೇಲೆ ಶಾಯಿ ಹರಡುತ್ತದೆ. ಇಂಬಳಕ್ಕೆ ಸುಣ್ಣ ಅಥವಾ ಉಪ್ಪಿನ ಗಂಟು. ಇಡೀ ತಂಡಕ್ಕೆ ಒಂದು ಗರಗಸ, ಒಂದು ಕೊಡಲಿ, ಹಾರೆ, ಗುದ್ದಲಿ. ಇವು ಮುಂದಿನ ಹಂತಗಳಿಗೆ ಬೇಕು, ಸಾಲು ನಡೆಯುವವರ ಕೈಯಲ್ಲಿ ಬೇಡ.

ಕತ್ತಿಯನ್ನಂತೂ ಕೊಡಲೇಬೇಡಿ. ಕೈಯಲ್ಲಿ ಕತ್ತಿ ಇದ್ದವರು ಅನುಮಾನ ಬಂದ ಪ್ರತಿ ಕಾಂಡದ ತೊಗಟೆಯನ್ನೂ ಕೆತ್ತಿ ನೋಡುತ್ತಾರೆ. ಹಾಗೆ ಕೆತ್ತಿದ ಅಂಚು ಒಣಗಿ ಬಿರುಕು ಬಿಟ್ಟರೆ ಅದೇ ಮುಂದಿನ ದುಂಬಿಗೆ ಮೊಟ್ಟೆ ಇಡುವ ಜಾಗ. ಕೀಟನಾಶಕದ ಡಬ್ಬಿಯನ್ನೂ ತರಬಾರದು, ಇದು ಪತ್ತೆ ಹಚ್ಚುವ ತಂಡ.

## ಹಂತ 4: ಸೀಳಿದ ಕಾಂಡದಿಂದ ಪಾಠ ಶುರು ಮಾಡಿ

ಈ ಹಂತಕ್ಕೆ ಅರ್ಧ ದಿನ ಪೂರ್ತಿ ಕೊಡಿ. ಉಳಿದ ಎಲ್ಲ ಹಂತಗಳೂ ನಿಂತಿರುವುದು ಇದರ ಮೇಲೆ.

ತರಬೇತಿಯ ದಿನ ಬೆಳಿಗ್ಗೆಯೇ ರೋಗ ಖಚಿತವಾದ ಎರಡು ಮೂರು ಗಿಡಗಳನ್ನು ಬುಡಸಮೇತ ತಂದು ಅಂಗಳದಲ್ಲಿ ಇಡಿ. ಜೊತೆಗೆ ಬೇರೆ ಕಾರಣಕ್ಕೆ ತೆಗೆದ ಆರೋಗ್ಯವಂತ ಕಾಂಡಗಳೂ ಇರಲಿ. ಎಲ್ಲರೂ ಸುತ್ತ ಕುಳಿತ ಮೇಲೆ ಒಂದು ರೋಗದ ಕಾಂಡವನ್ನು ಅಡ್ಡಕ್ಕೆ ಕೊಯ್ದು, ಆಮೇಲೆ ಕೊಡಲಿಯಿಂದ ಉದ್ದಕ್ಕೆ ಸೀಳಿ.

ಒಳಗೆ ಕಾಣುವುದನ್ನು ಪ್ರತಿಯೊಬ್ಬರೂ ಕೈಯಲ್ಲಿ ಹಿಡಿದು ನೋಡಬೇಕು. ಮರದ ನಡುವೆ ಹಾವಿನಂತೆ ಅಂಕುಡೊಂಕಾಗಿ ಹೋಗುವ ಸುರಂಗ. ಅದು ಖಾಲಿ ಇರುವುದಿಲ್ಲ. ಹುಳು ಕೊರೆದ ಹುಡಿ ಮತ್ತು ಹಿಕ್ಕೆ ಅದರೊಳಗೆ ಬಿಗಿಯಾಗಿ ತುಂಬಿರುತ್ತದೆ, ಚಾಕುವಿನ ತುದಿಯಿಂದ ಕೆದಕಿದರೆ ಮಾತ್ರ ಉದುರುತ್ತದೆ. ಸುರಂಗದ ಒಂದು ತುದಿಯಲ್ಲಿ ಬಿಳಿಗೂಡಿದ ಹಳದಿ ಬಣ್ಣದ, ತಲೆಯ ಕಡೆ ಅಗಲವಾಗಿ ಬಾಲದ ಕಡೆ ಸಪುರವಾಗುವ, ಕಾಲಿಲ್ಲದಂತೆ ಕಾಣುವ ಮರಿಹುಳು. ಕೋಶವೋ ದುಂಬಿಯೋ ಸಿಕ್ಕರೆ ಬಾಟಲಿಗೆ ಹಾಕಿ ಎಲ್ಲರಿಗೂ ತೋರಿಸಿ: ಒಂದೆರಡು ಸೆಂಟಿಮೀಟರ್ ಉದ್ದದ ಸಪುರ ಕಪ್ಪು ದೇಹ, ರೆಕ್ಕೆಯ ಮೇಲೆ ಬಿಳಿಚಿದ ಪಟ್ಟೆಗಳು.

ಈ ಹುಡಿ ತುಂಬಿದ ಸುರಂಗದ ಬಗ್ಗೆ ಇನ್ನೊಮ್ಮೆ ಒತ್ತಿ ಹೇಳಿ. ಬಿಳಿ ಕಾಂಡಕೊರಕ ತಾನು ಕೊರೆದ ಹುಡಿಯನ್ನು ಹೊರಗೆ ತಳ್ಳುವುದಿಲ್ಲ, ಹಿಂದೆಯೇ ತುಂಬಿಕೊಂಡು ಹೋಗುತ್ತದೆ. ಗಿಡದ ಬುಡದಲ್ಲಿ ಹುಡಿ ಬಿದ್ದಿಲ್ಲ, ಆದ್ದರಿಂದ ಹುಳು ಇಲ್ಲ ಎಂದು ತೀರ್ಮಾನಿಸಿದವರು ಅತಿ ಹೆಚ್ಚು ಗಿಡಗಳನ್ನು ತಪ್ಪಿಸಿಕೊಳ್ಳುತ್ತಾರೆ.

ಇನ್ನು ಸೀಳದೆ ಉಳಿದ ಕಾಂಡಗಳಿಗೆ ಬನ್ನಿ. ತೊಗಟೆಯ ಅಡಿಯಲ್ಲಿ ಹುಳು ಮೇದು ಹೋದ ದಾರಿಯುದ್ದಕ್ಕೂ ಕಾಂಡ ಉಬ್ಬಿ ಏಣು ಏಳುತ್ತದೆ. ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ. ಬಟ್ಟೆಯ ಒಳಗೆ ಹಗ್ಗ ಇಟ್ಟು ಮೇಲಿನಿಂದ ಕೈಯಾಡಿಸಿದರೆ ಸಿಗುವಂಥ ಉಬ್ಬು ಅದು. ಕೆಲವು ಕಡೆ ಕಾಂಡವನ್ನು ಬಳಸಿ ಓರೆಯಾಗಿ ಹೋಗುತ್ತದೆ, ಕೆಲವು ಕಡೆ ಅರ್ಧ ಉಂಗುರದಂತೆ ನಿಲ್ಲುತ್ತದೆ.

ಕಣ್ಣು ಮುಚ್ಚಿ ಮಾಡುವ ಪರೀಕ್ಷೆ ಇಲ್ಲಿ ಬರುತ್ತದೆ. ಹತ್ತು ಕಾಂಡದ ತುಂಡುಗಳಿಗೆ ಸಂಖ್ಯೆ ಬರೆದು, ನಾಲ್ಕರಲ್ಲಿ ಏಣು ಇರುವಂತೆ ಜೋಡಿಸಿ. ಪ್ರತಿಯೊಬ್ಬರೂ ಕಣ್ಣು ಮುಚ್ಚಿ ಒಂದೊಂದನ್ನೂ ಹಿಡಿದು, ಹೆಬ್ಬೆರಳನ್ನು ಮೇಲಿನಿಂದ ಕೆಳಗೆ ಎಳೆದು, ‘ಇದೆ’ ಅಥವಾ ‘ಇಲ್ಲ’ ಎಂದು ಹೇಳಲಿ. ಆಮೇಲೆ ಅವರ ಎದುರಿಗೇ ಆ ತುಂಡನ್ನು ಸೀಳಿ ತೋರಿಸಿ. ಮೊದಲ ಸುತ್ತಿನಲ್ಲಿ ಹೆಚ್ಚಿನವರು ತಪ್ಪುತ್ತಾರೆ, ಚಿಗುರು ಮುರಿದ ಗಂಟನ್ನು ಏಣು ಎನ್ನುತ್ತಾರೆ. ಎರಡನೆಯ, ಮೂರನೆಯ ಸುತ್ತಿಗೆ ಬೆರಳು ಕಲಿಯುತ್ತದೆ. ಹತ್ತಕ್ಕೆ ಒಂಬತ್ತು ಸರಿ ಹೇಳುವವರೆಗೆ ಯಾರನ್ನೂ ಸಾಲಿಗೆ ಕಳುಹಿಸಬೇಡಿ. ನಿಧಾನವಾಗಿ ಕಲಿಯುವವರನ್ನು ಕೈಬಿಡಲೂ ಬೇಡಿ. ಅವರೇ ಆಮೇಲೆ ಹೆಚ್ಚು ಎಚ್ಚರದಿಂದ ಹುಡುಕುವುದನ್ನು ಕಂಡಿದ್ದೇನೆ.

ಪಾಠ ಮುಗಿದ ಕೂಡಲೇ ಸೀಳಿದ ತುಂಡುಗಳನ್ನೆಲ್ಲ ಎಣಿಸಿ ಅಲ್ಲೇ ಸುಡಿ. ತರಬೇತಿಗೆ ತಂದ ಕಾಂಡದಿಂದಲೇ ಹುಳು ಇನ್ನೊಂದು ಊರಿಗೆ ಹೋಗಬಾರದು. ಆ ಕಾರಣಕ್ಕೇ ಕಾಂಡವನ್ನು ಬೇರೆ ಊರಿನಿಂದ ತರಿಸಬೇಡಿ, ತರಬೇತಿ ನಡೆಯುವ ಊರಿನದನ್ನೇ ಬಳಸಿ.

## ಹಂತ 5: ಒಂದು ಗಿಡವನ್ನು ನೋಡುವ ಕ್ರಮ ಕಲಿಸಿ

ಮಧ್ಯಾಹ್ನದ ಮೇಲೆ ತೋಟಕ್ಕೆ ಕರೆದುಕೊಂಡು ಹೋಗಿ. ಪ್ರತಿ ಗಿಡಕ್ಕೂ ಒಂದೇ ಕ್ರಮ ಅನುಸರಿಸಬೇಕು.

1. ಎರಡು ಹೆಜ್ಜೆ ದೂರ ನಿಂತು ನೆತ್ತಿ ನೋಡಿ. ಎಲೆ ಹಳದಿಯಾಗಿದೆಯೇ, ಜೋತುಬಿದ್ದಿದೆಯೇ, ಪಕ್ಕದ ಗಿಡಕ್ಕಿಂತ ಎಲೆ ಕಡಿಮೆಯೇ? ಇದು ಸುಳಿವು ಮಾತ್ರ, ತೀರ್ಪಲ್ಲ.

2. ಬಾಗಿ ಬುಡದ ತರಗೆಲೆ ಸರಿಸಿ. ಮಣ್ಣಿಗೆ ಕಾಂಡ ಸೇರುವ ಜಾಗ ಕಣ್ಣಿಗೆ ಕಾಣಬೇಕು. ಆತುರದಲ್ಲಿ ಎಲ್ಲರೂ ಬಿಡುವ ಜಾಗ ಇದೇ.

3. ಗೋಣಿಯ ತುಂಡಿನಿಂದ ಕಾಂಡದ ಪಾಚಿಯನ್ನೂ ಸಡಿಲ ತೊಗಟೆಯನ್ನೂ ಮೃದುವಾಗಿ ಒರೆಸಿ. ಹಸಿ ತೊಗಟೆ ಕಿತ್ತು ಬರಬಾರದು.

4. ಬರಿಗೈಯಿಂದ ಬುಡದಿಂದ ಮೇಲಕ್ಕೆ, ಆಮೇಲೆ ಮೇಲಿನಿಂದ ಬುಡಕ್ಕೆ ಹೆಬ್ಬೆರಳು ಎಳೆಯಿರಿ. ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿಗೆ ಹೋಗಿ ಮತ್ತೊಮ್ಮೆ ಎಳೆಯಿರಿ. ನಿಂತಲ್ಲಿಂದಲೇ ಕೈ ಬಳಸಿ ಹಿಂದಿನ ಬದಿ ಮುಟ್ಟುವುದು ಸಾಲದು.

5. ಕಾಂಡಕ್ಕೆ ಸೇರುವ ದಪ್ಪ ಕೊಂಬೆಗಳ ಬುಡವನ್ನೂ ಹಾಗೆಯೇ ಮುಟ್ಟಿ ನೋಡಿ.

6. ದುಂಬಿ ಹೊರಬಿದ್ದ ತೂತು ಇದೆಯೇ ಎಂದು ಹುಡುಕಿ. ಪೆನ್ಸಿಲ್‌ನ ದಪ್ಪಕ್ಕಿಂತ ಸಣ್ಣದಾಗಿ, ಅಂಚು ಸ್ವಚ್ಛವಾಗಿ ಇರುತ್ತದೆ.

ತೂತು ಕಂಡ ಕೂಡಲೇ ಅನೇಕರು ‘ಹುಳು ಹೊರಟುಹೋಗಿದೆ, ಇನ್ನು ಈ ಗಿಡದಿಂದ ಅಪಾಯವಿಲ್ಲ’ ಎಂದುಕೊಳ್ಳುತ್ತಾರೆ. ಒಂದೇ ಕಾಂಡದಲ್ಲಿ ಹಲವು ಹುಳು, ಬೇರೆ ಬೇರೆ ವಯಸ್ಸಿನವು ಇರಬಹುದು. ತೂತು ಇರುವ ಗಿಡಕ್ಕೂ ಪಟ್ಟಿ ಕಟ್ಟಬೇಕು, ಅದರ ಸುತ್ತಲಿನ ಗಿಡಗಳನ್ನು ಎರಡು ಬಾರಿ ಮುಟ್ಟಿ ನೋಡಬೇಕು.

ಎಲೆ ನೋಡಿ ತೀರ್ಮಾನಿಸಬಾರದು ಎನ್ನಲು ಕಾರಣವಿದೆ. ಏಳೆಂಟು ವರ್ಷದ ಎಳೆಯ ಗಿಡ ಒಂದೇ ಹಂಗಾಮಿನಲ್ಲಿ ಸಾಯಬಹುದು, ಆದರೆ ವಯಸ್ಸಾದ ಗಿಡ ಹುಳು ಇಟ್ಟುಕೊಂಡೇ ಕೆಲವು ವರ್ಷ ಹಸಿರಾಗಿ ನಿಲ್ಲುತ್ತದೆ. ಅದರ ಫಸಲು ಇಳಿಯುತ್ತದೆ, ಹಣ್ಣು ನೀರಿಗೆ ಹಾಕಿದರೆ ಜೊಳ್ಳು ಹೆಚ್ಚು ತೇಲುತ್ತದೆ. ನೋಡಲು ಮಾತ್ರ ಚೆನ್ನಾಗಿಯೇ ಇರುತ್ತದೆ. ಆ ಹಸಿರು ಗಿಡವೇ ವರ್ಷ ವರ್ಷ ದುಂಬಿಗಳನ್ನು ಹೊರಬಿಡುತ್ತಿರುತ್ತದೆ.

## ಹಂತ 6: ದಾರಿ ತಪ್ಪಿಸುವ ಲಕ್ಷಣಗಳನ್ನು ತೋರಿಸಿ

ಬುಡದಲ್ಲಿ ಸಣ್ಣ ಗುಳಿಗೆಯಂಥ ಹಿಕ್ಕೆ ಉದುರಿದ್ದರೆ ಅದು ಕೆಂಪು ಕೊರಕ, ಒಂದು ಪತಂಗದ ಮರಿ. ಅದು ಹಿಕ್ಕೆಯನ್ನು ಹೊರಗೆ ತಳ್ಳುತ್ತದೆ. ಅದನ್ನೂ ಬರೆದುಕೊಳ್ಳಿ, ಆದರೆ ಬೇರೆ ಕಾಲಂನಲ್ಲಿ. ಕಾಂಡದ ಮೇಲೆ ಮಣ್ಣಿನ ಗೆರೆ ಇದ್ದರೆ ಗೆದ್ದಲು. ಬೆರಳಿನಿಂದ ಒರೆಸಿದರೆ ಉದುರುತ್ತದೆ, ಏಣು ಉದುರುವುದಿಲ್ಲ.

ಗಿಡ ಪೂರ್ತಿ ಹಳದಿಯಾಗಿ ಒಣಗುತ್ತಿದ್ದು ಕಾಂಡ ಎರಡೂ ಬದಿಯಲ್ಲಿ ನಯವಾಗಿದ್ದರೆ ಬೇರು ರೋಗದ ಅನುಮಾನ ಪಡಿ. ಬುಡದ ಮಣ್ಣು ಬಿಡಿಸಿ ಬೇರು ನೋಡಬೇಕಾದದ್ದು ಮಾಲೀಕರು. ಮಾರ್ಚ್‌ನ ಮಧ್ಯಾಹ್ನ ಬಿಸಿಲಿಗೆ ಎಲೆ ಜೋತು, ಮರುದಿನ ಬೆಳಿಗ್ಗೆ ಚೇತರಿಸಿದ್ದರೆ ಅದು ನೀರಿನ ಕೊರತೆ. ಆದ್ದರಿಂದಲೇ ಮಾರ್ಚ್‌ನ ಸುತ್ತನ್ನು ಬೆಳಿಗ್ಗೆ ಮಾಡುವುದು ಒಳ್ಳೆಯದು. ಚಿಗುರು ತೆಗೆದ ಹಳೆಯ ಗಾಯ ಗಂಟಾಗಿ ಒಂದೇ ಜಾಗದಲ್ಲಿ ನಿಲ್ಲುತ್ತದೆ, ಏಣಿಗೆ ಒಂದು ದಾರಿ ಇರುತ್ತದೆ. ಬೆರಳು ಆ ದಾರಿಯನ್ನು ಹಿಂಬಾಲಿಸಬಲ್ಲದು.

ಅನುಮಾನ ಉಳಿದರೆ ಪಟ್ಟಿಗೆ ಒಂದು ಗಂಟಿನ ಬದಲು ಎರಡು ಗಂಟು ಹಾಕಿ ಮುಂದೆ ಹೋಗಿ. ಅಂಥ ಗಿಡಗಳನ್ನು ಅನುಭವಿಗಳು ಆಮೇಲೆ ನೋಡುತ್ತಾರೆ. ಒಂದು ಗಿಡದ ಎದುರು ನಿಂತು ಹತ್ತು ನಿಮಿಷ ಚರ್ಚೆ ಮಾಡಿದರೆ ಆ ದಿನದ ಸಾಲು ಮುಗಿಯುವುದಿಲ್ಲ.

## ಹಂತ 7: ಸಾಲು ನಡೆದು ಗುರುತು ಹಾಕಿ

ಎಲ್ಲಿಂದ ಶುರು ಮಾಡುವುದು? ಬಿಸಿಲು ಬೀಳುವ ಕಡೆಯಿಂದ. ದುಂಬಿಗೆ ಬೆಳಕೂ ಬಿಸಿಯೂ ಬೇಕು. ಗಾಳಿಗೆ ನೆರಳಿನ ಮರ ಬಿದ್ದ ಜಾಗ, ಸಿಲ್ವರ್ ಓಕ್ ಕಡಿದು ಮಾರಿದ ಜಾಗ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಅತಿಯಾದ ಬ್ಲಾಕ್, ರಸ್ತೆಯ ಅಂಚು, ಕಣದ ಸುತ್ತ, ವಿದ್ಯುತ್ ತಂತಿಯ ಕೆಳಗಿನ ಸಾಲುಗಳನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿ, ತಂಡ ದಣಿಯುವ ಮೊದಲು ಅವನ್ನು ಮುಗಿಸಿ. ಆಮೇಲೆ ದಟ್ಟ ನೆರಳಿನ ಒಳಭಾಗಕ್ಕೆ ಹೋಗಿ. ಅಲ್ಲಿ ಹುಳು ಕಡಿಮೆ ಎಂದು ಸಾಲು ಬಿಡಬೇಡಿ.

ಒಂದು ಜೋಡಿಗೆ ಒಂದು ಸಾಲು. ಕೈ ಹಾಕುವವರು ಗಿಡದ ಬಳಿ, ಬರೆಯುವವರು ಸಾಲಿನ ನಡುವೆ. ಪ್ರತಿ ಇಪ್ಪತ್ತು ಗಿಡಕ್ಕೆ ಇಬ್ಬರೂ ಕೆಲಸ ಬದಲಾಯಿಸಿಕೊಳ್ಳಲಿ, ಸೊಂಟಕ್ಕೂ ಆರಾಮ, ಗಮನವೂ ಉಳಿಯುತ್ತದೆ. ದಿನಕ್ಕೆ ಎಷ್ಟು ಗಿಡ ಎಂದು ಗುರಿ ಹೇರಬೇಡಿ. ಮೊದಲ ದಿನ ಎಷ್ಟಾಗುತ್ತದೆಯೋ ಅದನ್ನು ನೋಡಿ ಉಳಿದ ದಿನಗಳ ಲೆಕ್ಕ ಹಾಕಿ. ಗುರಿ ಹೇರಿದ ದಿನ ಕೈ ಬುಡಕ್ಕೆ ಹೋಗುವುದಿಲ್ಲ.

ಕೆಂಪು ಪಟ್ಟಿಯನ್ನು ಎದೆಯ ಎತ್ತರದ ಗಟ್ಟಿ ಕೊಂಬೆಗೆ ಕಟ್ಟಿ. ಬುಡಕ್ಕೆ ಕಟ್ಟಿದರೆ ಎಲೆಯ ಮರೆಯಲ್ಲಿ ಕಾಣುವುದಿಲ್ಲ. ಪುಸ್ತಕದಲ್ಲಿ ಇಷ್ಟು ಕಾಲಂ ಸಾಕು: ದಿನಾಂಕ, ಬ್ಲಾಕ್, ಸಾಲು, ನೋಡಿದ ಗಿಡ, ಪಟ್ಟಿ ಕಟ್ಟಿದ ಗಿಡ, ಕಂಡ ಲಕ್ಷಣ, ನೋಡಿದವರ ಹೆಸರು, ಗಿಡ ತೆಗೆದ ದಿನ, ಸುಟ್ಟ ದಿನ. ಕೊನೆಯ ಎರಡು ಕಾಲಂ ಖಾಲಿ ಇರುವವರೆಗೆ ಆ ಗಿಡದ ಕೆಲಸ ಮುಗಿದಿಲ್ಲ. ಏನೂ ಸಿಗದ ಸಾಲಿಗೂ ಸೊನ್ನೆ ಬರೆಯಬೇಕು. ಬರೆಯದೆ ಬಿಟ್ಟ ಸಾಲು ನೋಡಿದ್ದೋ ಬಿಟ್ಟದ್ದೋ ಎಂದು ಮಾರ್ಚ್ ಬಂದಾಗ ಯಾರಿಗೂ ನೆನಪಿರುವುದಿಲ್ಲ.

## ಹಂತ 8: ತೆಗೆದ ಗಿಡವನ್ನು ಅಲ್ಲಿಗೇ ಮುಗಿಸಿ

ಇದನ್ನು ಓದುವವರಲ್ಲಿ ಹೆಚ್ಚಿನವರು ಸೋತಿರುವುದು ಇಲ್ಲಿಯೇ ಎಂದು ನನಗೆ ಖಾತ್ರಿಯಿದೆ. ಪತ್ತೆ ಚೆನ್ನಾಗಿ ನಡೆಯುತ್ತದೆ, ತೋಟದ ತುಂಬ ಕೆಂಪು ಪಟ್ಟಿ ಹಾರಾಡುತ್ತದೆ. ಆಮೇಲೆ ಆಳು ಸಿಗಲಿಲ್ಲ ಎಂದೋ ಫಸಲು ಇರುವ ಗಿಡ ಕೀಳಲು ಮನಸ್ಸಾಗಲಿಲ್ಲ ಎಂದೋ ತಿಂಗಳು ಕಳೆಯುತ್ತದೆ. ಕಾಯಿ ತುಂಬಿದ ಗಿಡವನ್ನು ಕೀಳುವ ಸಂಕಟ ನನಗೂ ಗೊತ್ತು. ಆದರೆ ಆ ಒಂದು ಗಿಡದ ಎರಡು ಕೆ.ಜಿ. ಹಣ್ಣಿನ ಆಸೆಗೆ ಸುತ್ತಲಿನ ಗಿಡಗಳನ್ನು ಕೊಡಬೇಕಾಗುತ್ತದೆ. ಪಟ್ಟಿ ಕಟ್ಟಿದ ವಾರದೊಳಗೆ ತೆಗೆಯುವುದಾಗಿ ಮಾಲೀಕರಿಂದ ಮೊದಲೇ ಮಾತು ಪಡೆದಿರಿ.

ತೆಗೆಯುವ ವಿಧಾನ ಹೀಗೆ. ಮೊದಲು ಬುಡದ ಬಳಿ ಗರಗಸದಿಂದ ಕೊಯ್ದು, ಕೊಯ್ದ ಮುಖವನ್ನು ನೋಡಿ. ಸುರಂಗದ ಗುರುತಿಲ್ಲದೆ ಮರ ಸ್ವಚ್ಛವಾಗಿದ್ದರೆ ಬುಡ ಉಳಿಸಬಹುದು, ಅಲ್ಲಿಂದ ಹೊಸ ಚಿಗುರು ಬರುತ್ತದೆ. ಹುಡಿ ತುಂಬಿದ ಒಂದೇ ಒಂದು ಚುಕ್ಕೆ ಕಂಡರೂ ಹುಳು ಬೇರಿನ ಕಡೆ ಇಳಿದಿದೆ ಎಂದು ತಿಳಿದು ಬುಡಸಮೇತ ಕೀಳಿ. ಕೊಂಬೆಯ ಬುಡದಲ್ಲಿ ಏಣು ಇದ್ದ ಗಿಡದ ದಪ್ಪ ಕೊಂಬೆಗಳೂ ಕಾಂಡದ ಜೊತೆಗೇ ಹೋಗಬೇಕು.

ಕತ್ತರಿಸಿದ ಮಾತ್ರಕ್ಕೆ ಹುಳು ಸಾಯುವುದಿಲ್ಲ ಎಂಬುದನ್ನು ತಂಡದ ಪ್ರತಿಯೊಬ್ಬರೂ ಮನಸ್ಸಿಗೆ ತಂದುಕೊಳ್ಳಬೇಕು. ಒಣಗಿದ ಕಾಂಡದೊಳಗೂ ಅದು ಬೆಳೆದು ದುಂಬಿಯಾಗಿ ಹೊರಬರುತ್ತದೆ. ತೋಟದ ಕೆಲಸಗಾರರ ಲೈನ್ ಮನೆಯ ಹಿಂದಿನ ಸೌದೆ ರಾಶಿ, ಬಚ್ಚಲು ಒಲೆಯ ಪಕ್ಕದ ಅಟ್ಟ, ಬೇಲಿಗೆ ನೆಟ್ಟ ಗೂಟ, ಮೆಣಸಿನ ಬಳ್ಳಿಗೆ ಕೊಟ್ಟ ಆಸರೆ ಕೋಲು, ಎಲ್ಲಿಂದ ಬೇಕಾದರೂ ಹಾರಬಹುದು. ಆದ್ದರಿಂದ ಕೊಯ್ದ ದಿನವೇ ಸುಡುವುದು ಉತ್ತಮ. ಮಾರ್ಚ್‌ನಲ್ಲಿ ಬೆಂಕಿ ಒಣ ತರಗೆಲೆಗೆ ಹಬ್ಬದಂತೆ ತೆರೆದ ಜಾಗ ಆರಿಸಿ, ಸುತ್ತ ನೆಲ ಕೆತ್ತಿ, ನೀರು ಪಕ್ಕದಲ್ಲಿಟ್ಟು, ಕೆಂಡ ಆರುವವರೆಗೆ ಒಬ್ಬರು ಕಾಯಲಿ. ಸೆಪ್ಟೆಂಬರ್‌ನ ಹಸಿ ಕಾಂಡ ಬೇಗ ಹತ್ತಿಕೊಳ್ಳುವುದಿಲ್ಲ. ಮೇಲ್ಮೈ ಕಪ್ಪಾದರೆ ಸಾಲದು, ಒಳಗಿನ ಮರ ಉರಿಯಬೇಕು.

ಸೌದೆಗೆ ಬೇಕೇ ಬೇಕು ಎನ್ನುವವರಿಗೂ ದಾರಿ ಇದೆ. ಕಾಂಡಗಳನ್ನು ಏಳರಿಂದ ಹತ್ತು ದಿನ ನೀರಿನಲ್ಲಿ ಪೂರ್ತಿ ಮುಳುಗಿಸಿಟ್ಟರೆ ಒಳಗಿನ ಹುಳು ಸಾಯುತ್ತದೆ, ಆಮೇಲೆ ಒಣಗಿಸಿ ಬಳಸಬಹುದು. ತೇಲದಂತೆ ಮೇಲೆ ಕಲ್ಲು ಹೇರಿ.

## ಹಂತ 9: ಉಳಿದ ಗಿಡಗಳಿಗೆ ಕಾವಲು

ಇದು ಮಾಲೀಕರ ಕೆಲಸವಾದ್ದರಿಂದ ಚುಟುಕಾಗಿ ಹೇಳುತ್ತೇನೆ. ದುಂಬಿ ಹಾರುವ ಕಾಲಕ್ಕೆ ಮೊದಲು ಮುಖ್ಯ ಕಾಂಡ ಮತ್ತು ದಪ್ಪ ಕೊಂಬೆಗಳ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆದರೆ ಮೊಟ್ಟೆ ಇಡಲು ಬಿರುಕು ಸಿಗುವುದಿಲ್ಲ. ಹಾರಾಟದ ಕಾಲದಲ್ಲಿ ಆ ಭಾಗಗಳಿಗೆ ಶೇ. 10ರ ಸುಣ್ಣದ ದ್ರಾವಣ ಸಿಂಪಡಿಸಬಹುದು, ಅಂದರೆ 200 ಲೀಟರ್ ನೀರಿಗೆ 20 ಕೆ.ಜಿ. ಸಿಂಪಡಣೆಯ ಸುಣ್ಣ, ಜೊತೆಗೆ ಹಿಡಿದು ನಿಲ್ಲಲು ಅಂಟು. ಎಕರೆಗೆ ಹತ್ತರಂತೆ ಫೆರೊಮೋನ್ ಬಲೆ ಕಟ್ಟಿದರೆ ಹೆಣ್ಣು ದುಂಬಿಗಳು ಬಂದು ಬೀಳುತ್ತವೆ, ಏಕೆಂದರೆ ಈ ಜಾತಿಯಲ್ಲಿ ವಾಸನೆ ಬಿಟ್ಟು ಕರೆಯುವುದು ಗಂಡು. ಬಲೆಯ ಲೆಕ್ಕವನ್ನು ವಾರಕ್ಕೊಮ್ಮೆ ಬರೆಯುವ ಕೆಲಸವನ್ನು ತೋಟದ ಮಕ್ಕಳಿಗೆ ದೊಡ್ಡವರ ಜೊತೆಯಲ್ಲಿ ಕೊಡಬಹುದು, ತುಂಬ ಆಸಕ್ತಿಯಿಂದ ಮಾಡುತ್ತಾರೆ. ಬಿಸಿಲು ಬಿದ್ದ ಖಾಲಿ ಜಾಗಕ್ಕೆ ಹಾಲುವಾಣದಂಥ ಬೇಗ ಬೆಳೆಯುವ ನೆರಳಿನ ಗಿಡ ನೆಡಿ. ಹೆಚ್ಚಿನ ಸಲಹೆಗೆ ಕಾಫಿ ಮಂಡಳಿಯ ಹತ್ತಿರದ ವಿಸ್ತರಣಾ ಕಚೇರಿ ಇದೆ. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯೂ ಕೊಡಗಿನ ಚೆಟ್ಟಳ್ಳಿಯ ಉಪಕೇಂದ್ರವೂ ಈ ಹುಳುವಿನ ಮೇಲೆ ಕೆಲಸ ಮಾಡುತ್ತವೆ.

## ಹಂತ 10: ತಂಡವನ್ನೇ ಪರೀಕ್ಷಿಸಿ

ಸುತ್ತು ಮುಗಿದ ಮೂರು ದಿನದೊಳಗೆ, ಬೇರೆ ಜೋಡಿಯವರು ಪ್ರತಿ ಬ್ಲಾಕಿನ ಒಂದು ಸಾಲನ್ನು ಪುಸ್ತಕ ನೋಡದೆ ಮತ್ತೆ ಮುಟ್ಟಿ ನೋಡಲಿ. ಎರಡೂ ಲೆಕ್ಕ ಹೊಂದದಿದ್ದರೆ ಆ ಬ್ಲಾಕನ್ನು ಪೂರ್ತಿ ಮತ್ತೊಮ್ಮೆ ನೋಡಬೇಕು, ಆ ಜೋಡಿಗೆ ಹತ್ತು ತುಂಡುಗಳ ಪರೀಕ್ಷೆ ಇನ್ನೊಮ್ಮೆ ಮಾಡಬೇಕು. ಇದನ್ನು ಶಿಕ್ಷೆ ಎಂಬಂತೆ ಮಾಡಬೇಡಿ, ಮೊದಲ ದಿನವೇ ಎಲ್ಲರಿಗೂ ತಿಳಿಸಿ ಮಾಡಿ.

ಕೆಲಸ ಹದಗೆಡುತ್ತಿದೆ ಎನ್ನಲು ಕೆಲವು ಗುರುತುಗಳಿವೆ. ಒಂದು ಜೋಡಿಯ ಪುಸ್ತಕದಲ್ಲಿ ಬಿಸಿಲಿನ ಸಾಲಿನಲ್ಲೂ ಬರೀ ಸೊನ್ನೆ. ಮಧ್ಯಾಹ್ನದ ನಂತರದ ಸಾಲುಗಳಲ್ಲಿ ಸಿಕ್ಕ ಗಿಡ ಒಮ್ಮೆಲೇ ಕಡಿಮೆ. ಗೋಣಿಯ ತುಂಡು ದಿನದ ಕೊನೆಗೂ ಸ್ವಚ್ಛವಾಗಿದೆ. ತೆಗೆದ ಗಿಡಗಳಲ್ಲಿ ಅರ್ಧಕ್ಕೆ ಅರ್ಧ ಸೀಳಿದಾಗ ಒಳಗೆ ಏನೂ ಇಲ್ಲ. ಈ ಕೊನೆಯದು ಅತ್ಯಂತ ಅಪಾಯಕಾರಿ, ಒಳ್ಳೆಯ ಗಿಡ ಕಳೆದುಕೊಂಡ ಮಾಲೀಕರು ಮುಂದಿನ ಬಾರಿ ಗೇಟು ತೆರೆಯುವುದಿಲ್ಲ. ಹಾಗಾಗಿ ತೆಗೆದ ಮೊದಲ ಕೆಲವು ಗಿಡಗಳನ್ನು ಅವರ ಎದುರಿಗೇ ಸೀಳಿ, ಸುರಂಗವನ್ನು ಅವರ ಕೈಗೇ ಕೊಡಿ.

ಒಂದು ವಿಷಯದಲ್ಲಿ ಮಾತ್ರ ತಂಡದವರನ್ನು ದೂರಬೇಡಿ. ಸೆಪ್ಟೆಂಬರ್‌ನಲ್ಲಿ ಚೆನ್ನಾಗಿದ್ದ ಗಿಡ ಮಾರ್ಚ್‌ನಲ್ಲಿ ಏಣು ತೋರಿಸಬಹುದು. ಅಕ್ಟೋಬರ್‌ನ ನಂತರ ಇಟ್ಟ ಮೊಟ್ಟೆಯ ಮರಿ ಅದು, ಸೆಪ್ಟೆಂಬರ್‌ನಲ್ಲಿ ಯಾರ ಕೈಗೂ ಸಿಗುತ್ತಿರಲಿಲ್ಲ. ಆದ್ದರಿಂದಲೇ ವರ್ಷಕ್ಕೆ ಎರಡೂ ಸುತ್ತು ಬೇಕು.

ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಬ್ಬರ ಮನೆಯಲ್ಲಿ ಜೋಪಾನವಾಗಿಡಿ. ಮುಂದಿನ ತರಬೇತಿಯ ದಿನ ಅದನ್ನು ತೆರೆದು, ಪಟ್ಟಿ ಹೆಚ್ಚು ಬಿದ್ದ ಸಾಲುಗಳನ್ನು ನಕ್ಷೆಯ ಮೇಲೆ ಕೆಂಪು ಪೆನ್ಸಿಲ್‌ನಿಂದ ತಿದ್ದಿ. ಹೊಸ ಸುತ್ತಿನ ಮೊದಲ ಬೆಳಿಗ್ಗೆ ತಂಡ ಆ ಸಾಲುಗಳಿಂದಲೇ ಕೆಲಸ ಶುರು ಮಾಡಲಿ.